ಅಲರ್ಜಿ ಇರುವ ಮಗನಿಗೆ ಮೂಗಿನಲ್ಲಿ ರಕ್ತ: ಸ್ಪ್ರೇ ನಿಲ್ಲಿಸಬೇಕಾ?

ಪ್ರಶ್ನೆ: ನಾವು ಚಿತ್ರದುರ್ಗದವರು. ಮಗನಿಗೆ 9 ವರ್ಷ. ಎರಡು ವರ್ಷದಿಂದ ಧೂಳಿನ ಅಲರ್ಜಿ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟುವುದು, ತುರಿಕೆ. ಡಾಕ್ಟರು ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಮತ್ತು ರಾತ್ರಿ ಹೊತ್ತಿಗೆ ಒಂದು ಸಿರಪ್ ಕೊಟ್ಟಿದ್ದರು. ದಿನಾ ಅವನನ್ನು ಎದುರಿಗೆ ಕೂರಿಸಿಕೊಂಡು ನಾನೇ ಸ್ಪ್ರೇ ಹೊಡೆಯುತ್ತಿದ್ದೆ. ಸೀನು ಕಡಿಮೆಯಾಯಿತು. ಆದರೆ ಒಂದು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಮೂಗಿನಲ್ಲಿ ರಕ್ತ ಬರುತ್ತಿದೆ. ಹೆಚ್ಚಾಗಿ ಎಡ ಹೊಳ್ಳೆಯಿಂದ, ರಾತ್ರಿ ಅಥವಾ ಬೆಳಗಿನ ಜಾವ. ಐದಾರು ನಿಮಿಷದಲ್ಲಿ ನಿಲ್ಲುತ್ತದೆ. ನಮ್ಮ ಅತ್ತೆ ಉಷ್ಣ ಜಾಸ್ತಿಯಾಗಿದೆ ಎಂದು ತಲೆಗೆ ತಣ್ಣೀರು ಹಾಕುತ್ತಾರೆ, ಈರುಳ್ಳಿ ಮೂಸಿ ನೋಡು ಎನ್ನುತ್ತಾರೆ. ಪಕ್ಕದ ಮನೆಯವರು ಸ್ಟೀರಾಯ್ಡ್ ಸ್ಪ್ರೇಯಿಂದ ಮೂಗಿನೊಳಗೆ ತೂತು ಬೀಳುತ್ತದೆ ಎಂದರು. ಹೆದರಿ ವಾರದ ಹಿಂದೆ ನಿಲ್ಲಿಸಿದೆ. ಈಗ ಸೀನು ಮತ್ತೆ ಶುರು, ರಕ್ತವೂ ನಿಂತಿಲ್ಲ. ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಬೇಕಾ? ಬೇಸಿಗೆ ರಜೆಯಲ್ಲಿ ಈಜು ಕಲಿಸುವ ಯೋಚನೆ ಇತ್ತು, ಅದನ್ನೂ ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ತಕ್ಷಣ ಕಣ್ಣಿಗೆ ಬಿದ್ದವು. ರಕ್ತ ಬರುವುದು ಹೆಚ್ಚಾಗಿ ಎಡ ಹೊಳ್ಳೆಯಿಂದ. ಸ್ಪ್ರೇ ಹೊಡೆಯುವವರು ನೀವು, ಅದೂ ಎದುರಿಗೆ ಕೂತು. ನೀವು ಬಲಗೈ ಬಳಸುವವರಾದರೆ ಒಮ್ಮೆ ಖಾಲಿ ಕೈಯಲ್ಲೇ ಮಾಡಿ ನೋಡಿ. ಎದುರಿಗಿರುವ ಮಗುವಿನ ಎಡ ಹೊಳ್ಳೆ ನಿಮ್ಮ ಬಲಕ್ಕಿರುತ್ತದೆ. ನಿಮ್ಮ ಬಲಗೈ ಬಲಗಡೆಯಿಂದಲೇ ಬರುತ್ತದೆ. ಹಾಗಾಗಿ ಬಾಟಲಿಯ ಮೂತಿ ತಾನಾಗಿಯೇ ಒಳಮುಖವಾಗಿ ವಾಲುತ್ತದೆ, ಮೂಗಿನ ನಡುಗೋಡೆಗೆ ನೇರವಾಗಿ. ಬಲ ಹೊಳ್ಳೆಯಲ್ಲಿ ಇದೇ ಕೈ ಹೊರಗೋಡೆಯ ಕಡೆಗೆ ಗುರಿ ಇಡುತ್ತದೆ. ನಾನು ಮಗುವನ್ನು ನೋಡಿಲ್ಲ, ಆದ್ದರಿಂದ ಖಚಿತವಾಗಿ ಹೇಳಲಾರೆ. ಆದರೂ ನನ್ನ ಮೊದಲ ಅನುಮಾನ ಔಷಧದ ಮೇಲಲ್ಲ, ಅದು ಬೀಳುತ್ತಿರುವ ಜಾಗದ ಮೇಲೆ.

ಆ ಜಾಗ ಯಾಕೆ ಅಷ್ಟು ನಾಜೂಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳ ತುದಿಗೆ ಸಲೀಸಾಗಿ ಸಿಗುವಷ್ಟು ಹತ್ತಿರದಲ್ಲಿ, ನಾಲ್ಕೈದು ಕಡೆಯಿಂದ ಬಂದ ಸಣ್ಣ ರಕ್ತನಾಳಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಮೆರಿಕದ ಸರ್ಜನ್ ಜೇಮ್ಸ್ ಲಿಟಲ್ 1879ರಲ್ಲಿ ಈ ಜಾಗದ ಬಗ್ಗೆ ಬರೆದರು. ಡಾಕ್ಟರುಗಳು ಇವತ್ತಿಗೂ ಇದನ್ನು ಲಿಟಲ್ಸ್ ಏರಿಯಾ ಎಂದೇ ಕರೆಯುತ್ತಾರೆ. ಇಲ್ಲಿ ನಾಳಗಳ ಮೇಲೆ ತೆಳು ಪೊರೆ ಬಿಟ್ಟರೆ ಬೇರೆ ರಕ್ಷಣೆ ಇಲ್ಲ, ಪೊರೆಯ ಕೆಳಗೆ ನೇರವಾಗಿ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು. ಉಸಿರಾಡುವ ಒಣ ಗಾಳಿ ಮೊದಲು ಬಡಿಯುವುದೂ ಇಲ್ಲಿಗೇ. ಮೂಗಿನ ರಕ್ತಸ್ರಾವದಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ಮುಂಭಾಗದಿಂದಲೇ ಬರುತ್ತದೆ. ಮಕ್ಕಳಲ್ಲಂತೂ ಬಹುಪಾಲು ಎಲ್ಲವೂ ಇಲ್ಲಿಂದಲೇ.

ಈಗ ಇದಕ್ಕೆ ಅಲರ್ಜಿ ಸೇರಿಸಿ. ಧೂಳಿನ ನುಸಿಯೋ ಪರಾಗವೋ ಮೂಗಿಗೆ ಹೋದ ಕೂಡಲೇ ಒಳಪೊರೆಯ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಪೊರೆ ಊದಿಕೊಳ್ಳುತ್ತದೆ, ನೀರು ಸುರಿಯುತ್ತದೆ, ತುರಿಕೆ ಹತ್ತುತ್ತದೆ. ಇಷ್ಟಕ್ಕೇ ರಕ್ತ ಬರುವುದು ಕಡಿಮೆ. ರಕ್ತ ಬರಿಸುವುದು ಅದರ ಹಿಂದೆ ಬರುವ ಕೆಲಸಗಳು. ಒಂದೇ ಸಮನೆ ಹತ್ತಿಪ್ಪತ್ತು ಸೀನು. ಜೋರಾಗಿ ಮೂಗು ಸೀಟುವುದು. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ತಳ್ಳಿ ಉಜ್ಜುವುದು. ನಿಮ್ಮ ಮಗನ ಮೂಗಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಇದೆಯಾ ನೋಡಿ. ಬಹಳ ದಿನದಿಂದ ಉಜ್ಜಿ ಉಜ್ಜಿ ಬಿದ್ದ ಮಡಿಕೆ ಅದು. ಅದನ್ನು ಕಂಡರೆ ನಮಗೆ ಅರ್ಧ ಕಥೆ ಗೊತ್ತಾಗಿಬಿಡುತ್ತದೆ.

ಉಳಿದರ್ಧ ಬೆರಳಿನದು. ಸುರಿದ ನೀರು ಒಣಗಿ ಹಕ್ಕಳೆಯಾಗುತ್ತದೆ. ಹಕ್ಕಳೆ ಕೆರೆಯುತ್ತದೆ, ಮಗು ಕೀಳುತ್ತದೆ. ಕಿತ್ತಾಗ ಪೊರೆಯೂ ಜೊತೆಗೆ ಬರುತ್ತದೆ, ರಕ್ತ ಜಿನುಗುತ್ತದೆ. ಆ ರಕ್ತ ಒಣಗಿ ಇನ್ನೂ ಗಟ್ಟಿ ಹಕ್ಕಳೆಯಾಗುತ್ತದೆ, ಅದು ಇನ್ನೂ ಜಾಸ್ತಿ ಕೆರೆಯುತ್ತದೆ. "ಇಲ್ಲ ಡಾಕ್ಟ್ರೇ, ಅವನು ಮೂಗಿಗೆ ಬೆರಳೇ ಹಾಕಲ್ಲ" ಎಂದು ತಾಯಂದಿರು ಹೇಳುತ್ತಾರೆ. ಹಗಲಲ್ಲಿ ಹಾಕದೇ ಇರಬಹುದು. ನಿದ್ದೆಯಲ್ಲಿ ಕೈ ಎಲ್ಲಿ ಹೋಗುತ್ತದೆ ಎಂದು ಯಾರಿಗೆ ಗೊತ್ತು? ಉಗುರಿನ ಸಂದಿ ನೋಡಿ. ದಿಂಬಿನ ಕವರ್ ನೋಡಿ. ಫ್ಯಾನಿನ ನೇರ ಕೆಳಗೆ, ಬಾಯಿ ತೆರೆದು ಮಲಗುವ ಮಗುವಿಗೆ ರಾತ್ರಿಯಿಡೀ ಮೂಗು ಒಣಗುತ್ತಲೇ ಇರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನಿಮ್ಮ ಕಡೆಯ ಗಾಳಿ ಎಷ್ಟು ಒಣ ಅನ್ನುವುದು ನಿಮಗೇ ಗೊತ್ತು.

ಸ್ಪ್ರೇ ನಿಲ್ಲಿಸಿದ ಮೇಲೂ ರಕ್ತ ನಿಲ್ಲದಿರುವುದು ಇದಕ್ಕೇ. ಗಾಯ ಹಾಗೇ ಇದೆ, ಅಲರ್ಜಿ ವಾಪಸ್ ಬಂದಿದೆ, ತುರಿಕೆಯೂ ಬಂದಿದೆ.

ಹಾಗಂತ ಸ್ಪ್ರೇಯ ಪಾಲು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್, ಈ ಎಲ್ಲ ಸ್ಪ್ರೇಗಳ ಡಬ್ಬಿಯೊಳಗಿನ ಚೀಟಿಯಲ್ಲಿ ಮೂಗಿನ ರಕ್ತ ಸಾಮಾನ್ಯ ಅಡ್ಡಪರಿಣಾಮ ಎಂದೇ ಬರೆದಿರುತ್ತದೆ. ಔಷಧ ಪೊರೆಯನ್ನು ಸ್ವಲ್ಪ ಒಣಗಿಸುತ್ತದೆ. ದಿನಾ ಒಂದೇ ಬಿಂದುವಿಗೆ ರಭಸವಾಗಿ ಬಿದ್ದರೆ ಅಲ್ಲಿ ಹುಣ್ಣಾಗುತ್ತದೆ. ಪ್ಲಾಸ್ಟಿಕ್ ಮೂತಿ ತಗುಲಿದರೂ ಗೀರು ಬೀಳುತ್ತದೆ. ನಡುಗೋಡೆಯಲ್ಲಿ ತೂತು ಬೀಳುವುದು ಸುಳ್ಳಲ್ಲ, ಆದರೆ ಬಹಳ ಅಪರೂಪ. ತಿಂಗಳುಗಟ್ಟಲೆ ತಪ್ಪು ದಿಕ್ಕಿನಲ್ಲಿ ಹೊಡೆದು, ಹುಣ್ಣಾದರೂ, ರಕ್ತ ಬಂದರೂ ಯಾರಿಗೂ ತೋರಿಸದೆ ಮುಂದುವರಿಸಿದವರಲ್ಲಿ ಆ ಭಯ ಇದೆ. ಪಕ್ಕದ ಮನೆಯವರ ಮಾತಿನಲ್ಲಿ ಇಷ್ಟು ಮಾತ್ರ ನಿಜ.

ಸ್ಟೀರಾಯ್ಡ್ ಎಂದ ಕೂಡಲೇ ಮೈ ಊದುತ್ತದೆ, ಮಗು ಬೆಳೆಯುವುದಿಲ್ಲ ಎಂಬ ಹೆದರಿಕೆ ನಮ್ಮ ಕಡೆ ಜಾಸ್ತಿ. ಮಾತ್ರೆ ಮತ್ತು ಇಂಜೆಕ್ಷನ್ ವಿಷಯದಲ್ಲಿ ಆ ಹೆದರಿಕೆಗೆ ಕಾರಣ ಇದೆ. ಮೂಗಿನ ಫ್ಲುಟಿಕಾಸೋನ್‌ನಲ್ಲಿ ರಕ್ತಕ್ಕೆ ಸೇರುವ ಪಾಲು ನೂರಕ್ಕೆ ಎರಡಕ್ಕಿಂತ ಕಡಿಮೆ. 4 ವರ್ಷ ದಾಟಿದ ಮಕ್ಕಳಿಗೆ ಇದನ್ನು ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ ಒಂದು ಸಲ, ಹೊಳ್ಳೆಗೆ ಒಂದೊಂದು. ಆದರೂ ತಿಂಗಳುಗಟ್ಟಲೆ ಬಳಸುವ ಮಗುವಿನ ಎತ್ತರವನ್ನು ಆಗಾಗ ಗೋಡೆಗೆ ಗುರುತು ಹಾಕಿ ನೋಡುತ್ತಿರಿ, ಕೆಲಸ ನಡೆಯುವಷ್ಟು ಕಡಿಮೆ ಪ್ರಮಾಣದಲ್ಲಿ ಇಡಿ ಎಂದೇ ನಾನು ಹೇಳುವುದು.

ಹಾಗಾದರೆ ಈಗ ಏನು ಮಾಡಬೇಕು? ನಿಲ್ಲಿಸಿ ವಾರವಾಯಿತು ಎಂದಿದ್ದೀರಿ. ಸದ್ಯಕ್ಕೆ ಅದು ಹಾಗೇ ಇರಲಿ, ಗಾಯ ಮಾಯಲು ಬಿಡಿ. ದಿನಕ್ಕೆ ಮೂರು ನಾಲ್ಕು ಸಲ ಸಲೈನ್ (ಉಪ್ಪುನೀರಿನ) ಸ್ಪ್ರೇ ಅಥವಾ ಸಲೈನ್ ಹನಿ ಹಾಕಿ, ಹಕ್ಕಳೆ ತಾನಾಗಿ ಮೆತ್ತಗಾಗಲಿ. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಒಂದು ಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನು ಹೊಳ್ಳೆಯ ಬಾಯಿಯ ಒಳಗಡೆ ಹಚ್ಚಿ. ಹತ್ತಿ ಸುತ್ತಿದ ಕಡ್ಡಿಯಿಂದ ಒಳಗೆಲ್ಲ ತಿವಿಯುವುದು ಬೇಡ. ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಅದೇ ಹರಡಿಕೊಳ್ಳುತ್ತದೆ. ಹಕ್ಕಳೆ ಹಳದಿಯಾಗಿದ್ದು ಕೀವಿನಂತಿದ್ದರೆ ಡಾಕ್ಟರು ಮುಪಿರೋಸಿನ್‌ನಂಥ ಮುಲಾಮು ಬರೆದುಕೊಡಬಹುದು. ಉಗುರು ತೀರ ಗಿಡ್ಡ ಇರಲಿ. ಫ್ಯಾನಿನ ನೇರದಿಂದ ಹಾಸಿಗೆ ಸರಿಸಿ. ಇಷ್ಟರಲ್ಲೇ ಒಂದೆರಡು ವಾರದಲ್ಲಿ ಬಹಳ ಮಕ್ಕಳಿಗೆ ರಕ್ತ ನಿಲ್ಲುತ್ತದೆ. ಈ ನಡುವೆ ಸೀನಿಗೆ ಏನು ಕೊಡಬೇಕು, ಸ್ಪ್ರೇ ಯಾವತ್ತು ಮತ್ತೆ ಶುರು ಮಾಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಅವರು ಹೊಳ್ಳೆಯೊಳಗೆ ಟಾರ್ಚ್ ಹಾಕಿ ನೋಡಿ ಹೇಳಲಿ, ಎರಡೇ ನಿಮಿಷದ ಕೆಲಸ.

ಶುರು ಮಾಡುವಾಗ ಕೂರುವ ಜಾಗ ಬದಲಿಸಿ. ಮಗನನ್ನು ಕನ್ನಡಿ ಮುಂದೆ ನಿಲ್ಲಿಸಿ ನೀವು ಅವನ ಹಿಂದೆ ನಿಲ್ಲಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಕೈ ಹೀಗೆ ಅಡ್ಡ ಬಂದರೆ ಮೂತಿ ತಾನಾಗಿ ಹೊರಕ್ಕೆ ತಿರುಗುತ್ತದೆ. ಅದೇ ಕಡೆಯ ಕಣ್ಣಿನ ಹೊರ ಮೂಲೆಯನ್ನು ಗುರಿಯಾಗಿ ಇಟ್ಟುಕೊಳ್ಳಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ, ಹಿಂದಕ್ಕೆ ಎತ್ತುವುದು ಬೇಡ. ಮೂತಿ ಒಳಗೆ ಹೋಗಬೇಕಾದ್ದು ಸ್ವಲ್ಪ ಮಾತ್ರ, ಗೋಡೆಗೆ ತಾಗಬಾರದು. ಒತ್ತಿದಾಗ ಮೆಲ್ಲಗೆ ಉಸಿರು ಎಳೆದರೆ ಸಾಕು. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ, ಕಹಿಯಾಯಿತು ಎಂದು ಮಗು ಮುಖ ಸಿಂಡರಿಸುತ್ತದೆ. 9 ವರ್ಷದವನು ಇದನ್ನು ತಾನೇ ಕಲಿಯಬಲ್ಲ, ನೀವು ಪಕ್ಕದಲ್ಲಿದ್ದರೆ ಸಾಕು. ಸಲೈನ್ ಹಾಕುವುದಿದ್ದರೆ ಮೊದಲು ಅದು, ಹತ್ತು ನಿಮಿಷ ಬಿಟ್ಟು ಸ್ಪ್ರೇ, ಜೆಲ್ಲಿ ಕೊನೆಗೆ. ಜೆಲ್ಲಿ ಮೊದಲೇ ಹಚ್ಚಿದರೆ ಔಷಧ ಅದರ ಮೇಲೇ ಕೂತುಬಿಡುತ್ತದೆ. ಇನ್ನೊಂದು ಮಾತು, ಈ ಸ್ಪ್ರೇ ಪೂರ್ತಿ ಕೆಲಸ ತೋರಿಸಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಸೀನು ಬಂದ ದಿನ ಹೊಡೆದು, ಬರದ ದಿನ ಬಿಟ್ಟರೆ ಪೂರ್ತಿ ಉಪಯೋಗ ಸಿಗುವುದಿಲ್ಲ.

ಮೂಗು ಕಟ್ಟಿದಾಗ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ನಾಸಿವಿಯಾನ್, ಒಟ್ರಿವಿನ್‌ನಂಥ ಹನಿಗಳು ಬೇರೆ ಜಾತಿಯವು. ಅವು ರಕ್ತನಾಳಗಳನ್ನು ಬಿಗಿಮಾಡುತ್ತವೆ. ನಿಮಿಷದಲ್ಲಿ ಮೂಗು ಬಿಡುತ್ತದೆ, ಹಾಗಾಗಿ ಎಲ್ಲರಿಗೂ ಪ್ರೀತಿ. ಮೂರರಿಂದ ಐದು ದಿನ ದಾಟಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟಲು ಶುರುವಾಗುತ್ತದೆ, ಹನಿ ಬಿಡಲಾಗುವುದಿಲ್ಲ. ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ದೊಡ್ಡವರೂ ಇದ್ದಾರೆ. ಅಲರ್ಜಿಗೆ ಇದು ಚಿಕಿತ್ಸೆ ಅಲ್ಲ.

ರಾತ್ರಿಯ ಸಿರಪ್ ಯಾವುದು ಎಂದು ನೀವು ಬರೆದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಲಿವೊಸೆಟಿರಿಜಿನ್ ಮತ್ತು ಮಾಂಟೆಲುಕಾಸ್ಟ್ ಎರಡೂ ಸೇರಿದ್ದನ್ನು ಕೊಡುತ್ತಾರೆ. ಮೊದಲನೆಯದು ಮೂಗನ್ನು ಸ್ವಲ್ಪ ಒಣಗಿಸಬಹುದು. ಎರಡನೆಯದರ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು: ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಮನಸ್ಸಿನ ಏರುಪೇರು ಕಾಣಬಹುದು ಎಂದು. ಇದು ನಿಮ್ಮ ಪ್ರಶ್ನೆಯಿಂದ ಹೊರಗಿನ ಮಾತು. ಆದರೆ ತಿಂಗಳುಗಟ್ಟಲೆ ಅದೇ ಚೀಟಿ ತೋರಿಸಿ ಬಾಟಲಿ ತರುವ ಅಭ್ಯಾಸ ಇದ್ದರೆ, ಇನ್ನೂ ಬೇಕಾ ಎಂದು ಒಮ್ಮೆ ಕೇಳಿ.

ನಿಮ್ಮ ಅತ್ತೆಯವರ ಔಷಧಿಗೆ ಬರೋಣ. ತಲೆಗೆ ತಣ್ಣೀರು ಹಾಕಿದರೆ ರಕ್ತ ನಿಲ್ಲುತ್ತದಾ? ನಿಲ್ಲುತ್ತದೆ, ಯಾಕೆಂದರೆ ಐದಾರು ನಿಮಿಷದಲ್ಲಿ ಅದು ಹೇಗೂ ನಿಲ್ಲುವುದಿತ್ತು. ತಣ್ಣೀರಿಗೆ ಹೆಸರು ಬಂತು ಅಷ್ಟೇ. ಈರುಳ್ಳಿ ಮೂಸಿದರೆ ಸೀನು ಬರಬಹುದು, ಅಲರ್ಜಿ ಇರುವ ಮಗುವಿಗಂತೂ ಅದು ಬೇಡವೇ ಬೇಡ. ಈರುಳ್ಳಿ ರಸ, ಗರಿಕೆ ರಸ ಹಿಂಡಿ ಮೂಗಿಗೆ ಬಿಡುವವರೂ ಇದ್ದಾರೆ. ಹಸಿ ಗಾಯದ ಮೇಲೆ ತೊಳೆಯದ ಸೊಪ್ಪಿನ ರಸ ಯಾಕೆ? ಉಷ್ಣ ಎಂಬುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಿಸಿಲು ಕಾಲದಲ್ಲಿ, ಒಣ ಹವೆಯಲ್ಲಿ ರಕ್ತ ಜಾಸ್ತಿ ಬರುತ್ತದೆ ಎಂಬುದನ್ನು ಹಿರಿಯರು ಸರಿಯಾಗಿಯೇ ಗಮನಿಸಿದ್ದಾರೆ. ಎಳನೀರು, ಮಜ್ಜಿಗೆ ಧಾರಾಳವಾಗಿ ಕೊಡಲಿ. ಮೂಗಿನೊಳಗೆ ಮಾತ್ರ ಇಂಥದ್ದೇನೂ ಬಿಡುವುದು ಬೇಡ.

ರಕ್ತ ಬಂದಾಗ ಮಾಡಬೇಕಾದ್ದು ಬಹಳ ಸುಲಭ, ಆದರೂ ಹೆಚ್ಚಿನವರು ತಪ್ಪು ಮಾಡುತ್ತಾರೆ. ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ. ತಲೆ ಹಿಂದಕ್ಕೆ ಎತ್ತಿದರೆ ರಕ್ತ ಕಾಣುವುದಿಲ್ಲ, ನಿಂತ ಹಾಗೆ ಅನಿಸುತ್ತದೆ. ನಿಜವಾಗಿ ಅದು ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತಿರುತ್ತದೆ. ಆಮೇಲೆ ರಕ್ತವಾಂತಿ ಎಂದು ಮನೆಯವರೆಲ್ಲ ಗಾಬರಿ. ಮೂಗಿನ ಮೂಳೆ ಮುಗಿದು ಮೆತ್ತಗೆ ಶುರುವಾಗುವ ಭಾಗವನ್ನು, ಅಂದರೆ ಎರಡೂ ಹೊಳ್ಳೆಗಳನ್ನು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಟ್ಟಿಯಾಗಿ ಹಿಡಿಯಿರಿ. ಮೇಲೆ ಮೂಳೆಯನ್ನು ಹಿಡಿದರೆ ಏನೂ ಆಗುವುದಿಲ್ಲ. ಹತ್ತು ನಿಮಿಷ ಹಿಡಿದೇ ಇರಿ, ಗಡಿಯಾರ ನೋಡಿಕೊಂಡು. ನಿಂತಿತಾ ಎಂದು ಅರ್ಧ ನಿಮಿಷಕ್ಕೊಮ್ಮೆ ಬಿಟ್ಟು ನೋಡುವುದೇ ನಮ್ಮ ದೊಡ್ಡ ತಪ್ಪು. ಒಲೆಯ ಮೇಲೆ ಬೇಯುತ್ತಿರುವ ಅನ್ನದ ಮುಚ್ಚಳ ಪದೇ ಪದೇ ತೆಗೆದ ಹಾಗೆ, ಪ್ರತಿ ಸಲವೂ ಕೆಲಸ ಹಿಂದಕ್ಕೆ ಹೋಗುತ್ತದೆ. ಬಾಯಲ್ಲಿ ಬಂದ ರಕ್ತ ಉಗುಳಲಿ, ಬಾಯಿಂದ ಉಸಿರಾಡಲಿ. ಐಸ್ ಇಟ್ಟರೆ ತೊಂದರೆ ಇಲ್ಲ, ಲಾಭವೂ ದೊಡ್ಡದಲ್ಲ. ಹತ್ತು ನಿಮಿಷಕ್ಕೆ ನಿಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಹಿಡಿದುಕೊಂಡೇ ಇರಿ. ರಕ್ತ ಧಾರೆಯಾಗಿ ಸುರಿಯುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ದರೆ, ಮಗು ಬಿಳಿಚಿಕೊಂಡು ತಲೆ ಸುತ್ತುತ್ತದೆ ಎಂದರೆ ಇಪ್ಪತ್ತು ನಿಮಿಷ ಕಾಯುವುದೂ ಬೇಡ. ನಿಂತ ಮೇಲೆ ಒಂದು ದಿನ ಮೂಗು ಸೀಟುವುದು, ತುಂಬಾ ಬಿಸಿಯದು ಕುಡಿಯುವುದು, ಓಡಾಟ ಜಿಗಿತ ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಲಿ.

ಕೋವಿಡ್ ಕಾಲದಿಂದ ಹಬೆ ತೆಗೆದುಕೊಳ್ಳುವ ಚಟ ಮನೆಮನೆಗೂ ಹತ್ತಿದೆ. ರಕ್ತ ಬರುವ ಮೂಗಿಗೆ ಅದು ಬೇಡ, ಬಿಸಿಗೆ ನಾಳಗಳು ಹಿಗ್ಗುತ್ತವೆ. ಬಿಸಿನೀರು ಮಗಚಿ ಸುಟ್ಟುಕೊಂಡು ಬರುವ ಮಕ್ಕಳೂ ಇದ್ದಾರೆ. ಮೂಗಿನೊಳಗೆ ಬಾಮ್ ಸವರುವುದೂ ಬೇಡ. ಯೋಗ ಶಿಬಿರಗಳಲ್ಲಿ ಹೇಳಿಕೊಡುವ ಜಲನೇತಿ, ಅಂದರೆ ಮೂಗಿಗೆ ನೀರು ಬಿಟ್ಟು ತೊಳೆಯುವುದು, ಅಲರ್ಜಿಗೆ ಒಳ್ಳೆಯದೇ, ರಕ್ತ ಬರುವ ದಿನಗಳಲ್ಲಿ ಮಾತ್ರ ಬೇಡ. ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ನಲ್ಲಿ ನೀರು, ಬಾವಿ ನೀರು ನೇರವಾಗಿ ಮೂಗಿಗೆ ಹೋದರೆ ಅಪರೂಪಕ್ಕೆ ಮಿದುಳಿಗೆ ಹತ್ತುವ ಅಮೀಬಾ ಸೋಂಕಿನ ಅಪಾಯ ಇದೆ. ಕೇರಳದಲ್ಲಿ ಇದೇ ಬಗೆಯ ಮಿದುಳು ಸೋಂಕು ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾಗಿದ್ದನ್ನು ಓದಿರುತ್ತೀರಿ.

ಪ್ಲೇಟ್‌ಲೆಟ್ ಪರೀಕ್ಷೆ ಬಗ್ಗೆ ಕೇಳಿದ್ದೀರಿ. ಐದಾರು ನಿಮಿಷದಲ್ಲಿ ನಿಲ್ಲುವ ರಕ್ತ, ಜ್ವರ ಇಲ್ಲ, ಅಲರ್ಜಿ ಗೊತ್ತಿರುವುದೇ. ಇಷ್ಟಿದ್ದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ ಎಂಬ ಅಂದಾಜು ನನ್ನದು. ಆದರೆ ನನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಿ. ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ ಆಗುತ್ತವಾ? ಹಲ್ಲು ಉಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದಾ? ಹಾಲುಹಲ್ಲು ಬಿದ್ದಾಗ ರಕ್ತ ಗಂಟೆಗಟ್ಟಲೆ ಬಂದಿತ್ತಾ? ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಇದೆಯಾ, ನಿಮಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದಾ? ಇದರಲ್ಲಿ ಯಾವುದಕ್ಕಾದರೂ ಹೌದು ಎಂದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಬರೀ ಪ್ಲೇಟ್‌ಲೆಟ್ ಎಣಿಸಿದರೆ ಸಾಲದು, ಹೆಪ್ಪುಗಟ್ಟುವ ಪರೀಕ್ಷೆಗಳೂ ಬೇಕು. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲೆಬ್ರಾಂಡ್ ಎಂಬ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅಪ್ಪನಿಂದಲೋ ಅಮ್ಮನಿಂದಲೋ ಮಗುವಿಗೆ ಬರುತ್ತದೆ.

ಜ್ವರದ ಜೊತೆ ಮೂಗಿನಲ್ಲಿ ರಕ್ತ ಬಂದರೆ ಅಲರ್ಜಿಯನ್ನು ಮರೆತುಬಿಡಿ. ಅದು ಡೆಂಗಿ ಇರಬಹುದು, ಅದೇ ದಿನ ತೋರಿಸಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಓದುಗರಿಗೆ ಇನ್ನೊಂದು ಎಚ್ಚರಿಕೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲೂ ಜ್ವರದ ಜೊತೆ ಮೂಗು, ವಸಡಿನಿಂದ ರಕ್ತ ಬರಬಹುದು. ಅದರ ಕಾಲವೂ ಈ ಒಣ ತಿಂಗಳುಗಳೇ.

ಇದನ್ನು ಓದುತ್ತಿರುವ ದೊಡ್ಡವರಿಗೆ ಚುಟುಕಾಗಿ ಹೇಳುತ್ತೇನೆ. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಆದರೆ ಅವನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ ನೋಡಿಸಿ. ನಶ್ಯ ಏರಿಸುವ ಅಭ್ಯಾಸ ಇದ್ದರೆ ಬಿಡಿ. ಒಂದೇ ಕಡೆ ಮೂಗು ಕಟ್ಟಿ, ಅದೇ ಕಡೆಯಿಂದ ಮತ್ತೆ ಮತ್ತೆ ರಕ್ತ ಬಂದರೆ ಅಲರ್ಜಿ ಎಂದು ಸುಮ್ನೆ ಕೂರಬೇಡಿ. ಅಲರ್ಜಿ ಸಾಮಾನ್ಯವಾಗಿ ಎರಡೂ ಕಡೆ ಕಟ್ಟಿಸುತ್ತದೆ. ಹದಿಹರೆಯದ ಹುಡುಗರಲ್ಲಿ ಮೂಗಿನ ಹಿಂಭಾಗದಲ್ಲಿ ರಕ್ತ ತುಂಬಿದ ಒಂದು ಬಗೆಯ ಗಡ್ಡೆ ಅಪರೂಪಕ್ಕೆ ಬೆಳೆಯುವುದುಂಟು. ಅದು ಕ್ಯಾನ್ಸರ್ ಅಲ್ಲ, ಆದರೆ ರಕ್ತ ಮಾತ್ರ ವಿಪರೀತ. ಕೆರೆ ಹೊಂಡಗಳಲ್ಲಿ ಸ್ನಾನ ಮಾಡುವವರಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ದುರ್ಮಾಂಸ ಕಾಣುವುದುಂಟು. ಎರಡು ಮೂರು ವರ್ಷದ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ನೀರು, ರಕ್ತ ಬಂದರೆ ಒಳಗೆ ಬಟಾಣಿಯೋ ಮಣಿಯೋ ಸಿಕ್ಕಿಕೊಂಡಿದೆ ಎಂದೇ ಮೊದಲು ಹುಡುಕಬೇಕು. ಗಡಿಯಾರದ ಬಟನ್ ಸೆಲ್ ಆದರೆ ಅದು ತುರ್ತು, ಗಂಟೆಗಳಲ್ಲೇ ಪೊರೆ ಸುಡುತ್ತದೆ.

ನಿಮ್ಮ ಮಗನಿಗೂ ರಕ್ತ ಹೆಚ್ಚಾಗಿ ಎಡಗಡೆಯಿಂದಲೇ ಬರುತ್ತಿದೆ, ಅಲ್ವಾ? ಅದಕ್ಕೇ ಮೂಗಿನೊಳಗೆ ಒಮ್ಮೆ ನೋಡಿಸಿ ಎಂದದ್ದು. ಎರಡು ವಾರದಲ್ಲಿ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರು ರಕ್ತ ಬರುವ ಬಿಂದುವಿಗೆ ಮರಗಟ್ಟಿಸುವ ಔಷಧ ಹಾಕಿ ಸಿಲ್ವರ್ ನೈಟ್ರೇಟ್ ಕಡ್ಡಿ ತಾಗಿಸಬಹುದು. ಹೊರರೋಗಿ ವಿಭಾಗದಲ್ಲೇ ಆಗುವ ಕೆಲಸ, ಸ್ವಲ್ಪ ಚುರುಗುಟ್ಟುತ್ತದೆ. ಎರಡೂ ಕಡೆ ಒಂದೇ ದಿನ ಮಾಡುವುದಿಲ್ಲ. ನಡುಗೋಡೆಯ ಮೃದ್ವಸ್ಥಿಗೆ ಎರಡು ಬದಿಯಿಂದಲೂ ರಕ್ತ ಸಿಗದಿದ್ದರೆ ಆಗಲೇ ತೂತಾಗುವ ಭಯ.

ಇನ್ನು ಧೂಳು. ದಿಂಬು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಬಿಸಿಗೆ ನುಸಿ ಸಾಯುತ್ತದೆ. ಅವನು ಮನೆಯಲ್ಲಿರುವಾಗ ಪೊರಕೆ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಏರ್ ಕೂಲರ್ ಇದ್ದರೆ ಅದು ಗಾಳಿಗೆ ತೇವ ಕೊಡುತ್ತದೆ, ಒಳ್ಳೆಯದೇ. ಆದರೆ ಕಳೆದ ವರ್ಷದ ಹುಲ್ಲಿನ ಪ್ಯಾಡಿನಲ್ಲೇ ಈ ವರ್ಷವೂ ಓಡಿಸಿದರೆ ಬೂಷ್ಟು ಇಡೀ ಕೋಣೆಗೆ ಹರಡುತ್ತದೆ. ಮನೆಯ ಸುತ್ತ ಕಾಂಗ್ರೆಸ್ ಗಿಡ ಇದ್ದರೆ ಹೂ ಬಿಡುವ ಮುಂಚೆ ಕೀಳಿಸಿ, ಕೈಗೆ ಗ್ಲೌಸ್ ಇರಲಿ.

ಈಜು ಬಿಡಬೇಕಾಗಿಲ್ಲ. ಎರಡು ವಾರ ರಕ್ತ ಬಾರದೆ ಇದ್ದರೆ ಸೇರಿಸಿ. ಮೊದಲ ತಿಂಗಳು ಮೇಲಿನಿಂದ ಧುಮುಕುವುದು ಬೇಡ. ಕ್ಲೋರಿನ್ ನೀರು ಅಲರ್ಜಿ ಮೂಗನ್ನು ಕೆಣಕುತ್ತದೆ. ಹಾಗಾಗಿ ನೀರಿಗಿಳಿಯುವ ಮುಂಚೆ ಹೊಳ್ಳೆಗೆ ಸ್ವಲ್ಪ ಜೆಲ್ಲಿ ಹಚ್ಚಿ, ಮೇಲೆ ಬಂದ ಮೇಲೆ ಎರಡೂ ಕಡೆ ಸಲೈನ್ ಸ್ಪ್ರೇ ಹಾಕಿ.